ಐದು ತಿಂಗಳಾಯ್ತು, ಗುಂಡನ ಹೊಟ್ಟೆ ಸರಿಹೋಗ್ತಿಲ್ಲ. ಮಾತ್ರೆ ಇರೋವರೆಗೂ ಚೆನ್ನಾಗಿರ್ತಾನೆ, ನಿಲ್ಸಿದ್ರೆ ಮತ್ತೆ ಶುರು

ಗುಂಡನಮನೆ
ಎಲ್ರಿಗೂ ನಮಸ್ಕಾರ. ಉದ್ದ ಇದೆ, ಮತ್ತೆ ಬರೀ ಕಕ್ಕ ವಾಂತಿ ವಿಷಯಾನೇ, ಊಟ ಮಾಡ್ತಾ ಓದ್ಬೇಡಿ.

ನಮ್ಮ ನಾಯಿ ಗುಂಡ, ಲ್ಯಾಬ್ ಕ್ರಾಸ್, 4 ವರ್ಷ. ಐದು ತಿಂಗಳಿಂದ ಒಂದು ವಾರ ಹೊಟ್ಟೆ ನೆಟ್ಟಗಿದ್ರೆ ಎರಡು ವಾರ ಕೆಟ್ಟಿರತ್ತೆ. ಬೆಳಗಿನ ಜಾವ ಹೊಟ್ಟೆ ಗುಡುಗುಡು ಅನ್ನೋ ಸದ್ದು ಪಕ್ಕದ ರೂಮಿಗೂ ಕೇಳ್ಸತ್ತೆ, ಆಮೇಲೆ ನೆಲ ನೆಕ್ಕೋಕೆ ಶುರು ಮಾಡ್ತಾನೆ, ಆಮೇಲೆ ಹಳದಿ ನೊರೆ ವಾಂತಿ. ಅದಾದ್ಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ತಟ್ಟೆ ಹತ್ರ ಹೋಗಿ ನಿಲ್ತಾನೆ. ಕಕ್ಕ ದಿನಕ್ಕೆ ಮೂರ್ನಾಲ್ಕು ಸಲ, ರಾಶಿ ರಾಶಿ, ಎತ್ತೋಕೆ ಬರದಷ್ಟು ಮೆತ್ತಗೆ. 26 ಕೆಜಿ ಇದ್ದೋನು ಈಗ 22.5.

ಮೂರು ವೆಟ್ ನೋಡಿದ್ದಾರೆ. ಮೂವರೂ ಮೆಟ್ರೊನಿಡಜೋಲ್ ಅನ್ನೋ ಆಂಟಿಬಯಾಟಿಕ್ ಕೊಟ್ರು, ಒಬ್ರು ಜೊತೆಗೆ ಪ್ರೋಬಯಾಟಿಕ್ ಪುಡಿ. ಮಾತ್ರೆ ಶುರು ಮಾಡಿದ ಎರಡನೇ ದಿನಕ್ಕೆ ಸರಿ, ಮುಗಿದ ಹತ್ತನೇ ದಿನಕ್ಕೆ ವಾಪಸ್. ನಾಲ್ಕು ಕೋರ್ಸ್ ಆಯ್ತು. ಅದು ಎಷ್ಟು ಕಹಿ ಅಂದ್ರೆ ನಾಲಿಗೆಗೆ ತಗುಲಿದ್ರೆ ಸಾಕು ಬಾಯಿಂದ ನೊರೆ ಸುರಿಸಿಕೊಂಡು ಗೋಡೆಗೆಲ್ಲ ಒರೆಸ್ತಾನೆ. ಇನ್ನೇನು ಮಾಡ್ಬೇಕು ಹೇಳ್ರಪ್ಪ, ತಲೆ ಕೆಟ್ಟೋಗಿದೆ.

ಸುಮ್ನೆ_ಓದ್ತೀನಿ
ಊಟ ಮಾಡ್ತಾನೇ ಓದ್ದೆ. ತಪ್ಪು ನಂದೇ.

ಕಪ್ಪುಮೂಗು
ಅಕ್ಕ, ಹುಳದ ಮಾತ್ರೆ ಹಾಕಿದ್ರಾ? ಮೊದ್ಲು ಅದು ಹೇಳಿ.

ಗುಂಡನಮನೆ
ಹಾಕಿದೀವಿ, ಮೂರು ತಿಂಗಳಿಗೊಂದ್ಸಲ. ಕಕ್ಕದ ಟೆಸ್ಟೂ ಆಗಿದೆ, ಒಂದ್ಸಲ. ಏನೂ ಇಲ್ಲ ಅಂದ್ರು.

ಕಪ್ಪುಮೂಗು
ಒಂದ್ಸಲದ ಟೆಸ್ಟ್ ನಂಬೋ ಹಾಗಿಲ್ಲ. ಜಿಯಾರ್ಡಿಯಾ ಅಂತ ಕಣ್ಣಿಗೆ ಕಾಣದ ಪರಾವಲಂಬಿ ಇದೆ, ಅದು ಕಕ್ಕದಲ್ಲಿ ದಿನಾ ಬರಲ್ಲ, ಇವತ್ತು ಇರತ್ತೆ ನಾಳೆ ಇರಲ್ಲ. ವಿಪ್‌ವರ್ಮ್ ಅನ್ನೋ ಕರುಳಿನ ಹುಳ ಇನ್ನೂ ಕಳ್ಳ, ಹೊಟ್ಟೆಗೆ ಹೋಗಿ ಮೊಟ್ಟೆ ಇಡೋಕೇ ಸುಮಾರು ಮೂರು ತಿಂಗಳು ತಗೊಳತ್ತೆ, ಅಲ್ಲಿವರೆಗೂ ಮೈಕ್ರೋಸ್ಕೋಪ್ ಕೆಳಗೆ ಏನು ಹುಡುಕಿದ್ರೂ ಸಿಗಲ್ಲ. ಬೇರೆ ಬೇರೆ ದಿನದ್ದು ಮೂರು ಸ್ಯಾಂಪಲ್ ಕೊಡಿ, ಜಿಯಾರ್ಡಿಯಾಗೆ ಆಂಟಿಜನ್ ಟೆಸ್ಟ್ ಬೇರೆ ಇದೆ ಅದನ್ನ ಕೇಳಿ. ಆಮೇಲೆ ಎಲ್ಲಾ ಹುಳದ ಮಾತ್ರೆನೂ ಒಂದೇ ಅಲ್ಲ. ನಮ್ಮ ಹುಡುಗಿಗೆ ಫೆನ್‌ಬೆಂಡಜೋಲ್ ಐದು ದಿನ ಕೊಟ್ಟು, ಕೊನೇ ದಿನ ಚೆನ್ನಾಗಿ ಸ್ನಾನ ಮಾಡಿಸಿ, ಹಾಸಿಗೆ ಬಟ್ಟೆ ಎಲ್ಲಾ ಬಿಸಿನೀರಲ್ಲಿ ಒಗೆದ್ಮೇಲೇ ನಿಂತಿದ್ದು. ಸ್ನಾನ ಯಾಕೆ ಅಂದ್ರೆ ಕೂದಲಿಗೆ ಅಂಟಿರೋದನ್ನ ಅವೇ ನೆಕ್ಕಿ ಮತ್ತೆ ಒಳಗೆ ಹಾಕ್ಕೊಳ್ತವೆ.

ಹಸಿಮಾಂಸ_ಹುಲಿ
ಇಷ್ಟೆಲ್ಲ ಬೇಕಾ ಗುರು? ಪ್ಯಾಕೆಟ್ ಫುಡ್ ನಿಲ್ಸಿ ಹಸಿ ಮಾಂಸ ಕೊಡಿ, ಎರಡು ವಾರದಲ್ಲಿ ಸರಿ ಹೋಗತ್ತೆ. ತೋಳಕ್ಕೆ ಯಾರು ಎಂಡೋಸ್ಕೋಪಿ ಮಾಡ್ತಿದ್ರು?

ಅರೆನಿದ್ದೆ
ತೋಳಕ್ಕೆ ಯಾರೂ ಮಾಡ್ಲಿಲ್ಲ, ಅದಕ್ಕೇ ಅವು ಹೊಟ್ಟೆ ನೋವು ಬಂದ್ರೆ ಸತ್ತೋಗ್ತಿದ್ವು.

ವೆಟ್‌ಕಾಲೇಜು_ಕೊನೇವರ್ಷ
ನಾನಿನ್ನೂ ಡಾಕ್ಟ್ರಲ್ಲ, ಅದಕ್ಕೆ ಇದನ್ನ ಚಿಕಿತ್ಸೆ ಅಂತ ತಗೋಬೇಡಿ, ವೆಟ್ ಹತ್ರ ಏನು ಕೇಳ್ಬೇಕು ಅನ್ನೋದಕ್ಕೆ ಮಾತ್ರ ಇಟ್ಕೊಳ್ಳಿ.

ಮೂರು ವಾರಕ್ಕಿಂತ ಜಾಸ್ತಿ ಎಳೆದ್ರೆ ಅದನ್ನ ಕ್ರಾನಿಕ್ ಅಂತಾರೆ. ಅಲ್ಲಿಂದಾಚೆಗೆ ಭೇದಿ ನಿಲ್ಸೋದೊಂದೇ ಕೆಲಸ ಅಲ್ಲ, ಎಲ್ಲಿಂದ ಬರ್ತಿದೆ ಅಂತ ಹುಡುಕ್ಬೇಕು. ಗುಂಡಂದು ನೋಡಿ, ರಾಶಿ ರಾಶಿ ಕಕ್ಕ, ತೂಕ ಇಳಿದಿದೆ, ವಾಂತಿ ಇದೆ. ಇದು ಸಣ್ಣ ಕರುಳಿನ ಕಡೆ ಬೆರಳು ತೋರಿಸತ್ತೆ. ದೊಡ್ಡ ಕರುಳಿಂದಾದ್ರೆ ಹತ್ತು ಸಲ ಕೂರ್ತವೆ, ಪ್ರತಿ ಸಲ ಒಂದೊಂದು ಚಮಚ, ಲೋಳೆ, ಕೊನೆಗೊಂದು ಹನಿ ಕೆಂಪು ರಕ್ತ, ತೂಕ ಹೆಚ್ಚುಕಮ್ಮಿ ಹಾಗೇ ಇರತ್ತೆ. ಈ ವ್ಯತ್ಯಾಸ ಮನೆಯವರು ಹೇಳಿದ್ರೇ ಗೊತ್ತಾಗೋದು, ಟೇಬಲ್ ಮೇಲೆ ನಿಂತಿರೋ ನಾಯಿ ನೋಡಿ ಯಾರಿಗೂ ಗೊತ್ತಾಗಲ್ಲ.

ಇನ್ನೊಂದು, ಅದು ನಿಜವಾಗ್ಲೂ ವಾಂತಿನೇನಾ? ಹೊಟ್ಟೆ ಹಿಂಡಿ ಹಿಂಡಿ ಬಂದ್ರೆ ವಾಂತಿ. ತಲೆ ಬಗ್ಗಿಸಿದ ತಕ್ಷಣ ತಿಂದಿದ್ದು ತಿಂದ ಹಾಗೇ ಜಾರಿ ಬಿದ್ರೆ ಅದು ಅನ್ನನಾಳದ ತೊಂದರೆ, ದಾರಿನೇ ಬೇರೆ. ಒಂದು ವಿಡಿಯೋ ಮಾಡಿಟ್ಕೊಳ್ಳಿ.

ರಕ್ತದಲ್ಲಿ ಅಲ್ಬುಮಿನ್ ಅನ್ನೋ ಪ್ರೋಟೀನ್ ನೋಡಿದ್ರಾ? ಬಿ12 ವಿಟಮಿನ್? ಟಿಎಲ್‌ಐ, ಅಂದ್ರೆ ಮೇದೋಜೀರಕ ಗ್ರಂಥಿ ಕೆಲಸ ಮಾಡ್ತಿದ್ಯಾ ಅನ್ನೋ ಟೆಸ್ಟ್? ಕಾರ್ಟಿಸೋಲ್ ಹಾರ್ಮೋನ್? ಮತ್ತೆ ಅವನ ಬಾಯಿಗೆ ಬೀಳೋ ಪ್ರತಿಯೊಂದನ್ನೂ ಬರೀರಿ. ಪ್ರತಿಯೊಂದೂ.

ಗುಂಡನಮನೆ
ಹೊಟ್ಟೆ ಹಿಂಡಿನೇ ಬರೋದು, ಬೆನ್ನು ಬಿಲ್ಲಿನ ಹಾಗೆ ಬಾಗತ್ತೆ. ಮಾಮೂಲಿ ರಕ್ತಪರೀಕ್ಷೆ ಆಗಿದೆ, ನೀವು ಹೇಳಿದ ಬೇರೆ ಯಾವುದೂ ಮಾಡಿಲ್ಲ.

ತಿನ್ನೋದು: ಚಿಕನ್ ಕಿಬಲ್ (ಪ್ಯಾಕೆಟ್ಟಿನ ಒಣ ಫುಡ್) ಎರಡು ಹೊತ್ತು. ಹೊಟ್ಟೆ ಕೆಟ್ಟಾಗ ಬೇಯಿಸಿದ ಚಿಕನ್ ಮತ್ತೆ ಅನ್ನ. ವಾರಕ್ಕೆರಡು ಮೊಟ್ಟೆ. ಅಷ್ಟೇ.

ಎರಡು_ಬಾಲ
"ಅಷ್ಟೇ" ಅಂತ ಯಾರು ಬರೆದ್ರೂ ನಾನು ನಂಬಲ್ಲ 😄 ಮನೇಲಿ ಎಷ್ಟು ಜನ ಇದೀರಾ?

ಗುಂಡನಮನೆ
ಅಪ್ಪ ವಾಕಿಂಗ್ ಹೋದಾಗ ಬಿಸ್ಕೆಟ್ ಕೊಡ್ತಾರೆ, ಒಂದೋ ಎರಡೋ. ಮಗಳು ಚೀಸ್. ತಿಂಗಳಿಗೊಂದು ಉಣ್ಣಿ (ಟಿಕ್) ಮಾತ್ರೆ, ಅಗಿಯೋ ಥರದ್ದು. ಹಲ್ಲಿಗೆ ಅಂತ ಕಡ್ಡಿ. ಬರೀತಾ ಬರೀತಾ ನನಗೇ ನಗು ಬರ್ತಿದೆ.

ಎರಡು_ಬಾಲ
ಬಂತು ನೋಡಿ ಕಥೆ ಹೊರಗೆ.

ಶೆಫರ್ಡ್_ಸೋದರ
ಟಿಎಲ್‌ಐ ಬಗ್ಗೆ ಹೇಳ್ಲೇಬೇಕು. ನಮ್ಮದು ಜರ್ಮನ್ ಶೆಫರ್ಡ್. ರಾಕ್ಷಸನ ಹಾಗೆ ತಿಂತಿದ್ದ, ಸಾಲದು ಅಂತ ತನ್ನ ಕಕ್ಕ ತಾನೇ ತಿಂತಿದ್ದ, ಆದ್ರೂ ಪಕ್ಕೆಲುಬು ಎಣಿಸಬಹುದಿತ್ತು. ಕಕ್ಕ ಮಾಸಲು ಹಳದಿ, ಎಣ್ಣೆ ಎಣ್ಣೆ. ಎಂಟು ತಿಂಗಳು "ಈ ಬ್ರೀಡಿಗೆ ಹೊಟ್ಟೆ ಸೂಕ್ಷ್ಮ" ಅಂತ ಮೂಗಿಗೆ ತುಪ್ಪ ಸವರಿದ್ರು. ಕೊನೆಗೆ ಒಬ್ಬ ಮೇಡಂ ರಾತ್ರಿಯಿಡೀ ಉಪವಾಸ ಇಟ್ಟು ರಕ್ತ ತಗೊಂಡು ಟಿಎಲ್‌ಐ ಮಾಡಿಸಿದ್ರು. 2.5ಕ್ಕಿಂತ ಕಡಿಮೆ ಇದ್ರೆ ಕಾಯಿಲೆ ಖಚಿತ, ಇವನದು 1.1. ಮೇದೋಜೀರಕ ಗ್ರಂಥಿ ಜೀರ್ಣ ಮಾಡೋ ಕಿಣ್ವ ಮಾಡೋದನ್ನೇ ನಿಲ್ಸಿತ್ತು, ಇಪಿಐ ಅಂತಾರೆ. ತಿಂದಿದ್ದು ಹಾಗೇ ದಾಟಿ ಹೋಗ್ತಿತ್ತು, ಪಾಪ ಹೊಟ್ಟೆ ತುಂಬಾ ತಿಂದು ಹಸಿವಿಂದ ಸಾಯ್ತಿದ್ದ.

ಈಗ ಪ್ರತಿ ಊಟಕ್ಕೂ ಎಂಜೈಮ್ ಪುಡಿ ಕಲಸ್ತೀವಿ, ಜೀವನಪೂರ್ತಿ. ಜೊತೆಗೆ ಬಿ12. ಮೂರು ತಿಂಗಳಲ್ಲಿ 7 ಕೆಜಿ ಬಂದ. ಆ ಎಂಟು ತಿಂಗಳು ನೆನೆಸಿಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯತ್ತೆ.

ಪೂಡಲ್ಪುರಾಣ
ನಮ್ಮದು ಬೇರೆ ಥರ. ಮನೆಗೆ ನೆಂಟರು ಬಂದ್ರೆ, ಪಟಾಕಿ ಹೊಡೆದ್ರೆ, ನಾವು ಎರಡು ದಿನ ಊರಿಗೆ ಹೋದ್ರೆ, ತಕ್ಷಣ ವಾಂತಿ ಭೇದಿ ಸುಸ್ತು. ಡ್ರಿಪ್ ಹಾಕಿದ್ರೆ ಪವಾಡದ ಹಾಗೆ ಎದ್ದು ಕೂರ್ತಿದ್ಲು. ಹೀಗೇ ಒಂದು ವರ್ಷ. ಸೋಡಿಯಂ ಪೊಟ್ಯಾಸಿಯಂ ಎಲ್ಲಾ ನಾರ್ಮಲ್, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಕೊನೆಗೆ ಬೇಸ್‌ಲೈನ್ ಕಾರ್ಟಿಸೋಲ್ ನೋಡಿದ್ರೆ ಇಲ್ಲವೇ ಇಲ್ಲ ಅನ್ನೋಷ್ಟು. 2ಕ್ಕಿಂತ ಕಡಿಮೆ ಬಂದ್ರೆ ಎಸಿಟಿಎಚ್ ಅನ್ನೋ ಇನ್ನೊಂದು ಟೆಸ್ಟ್ ಮಾಡಿ ಖಾತ್ರಿ ಮಾಡ್ಕೋಬೇಕಂತೆ, ಮಾಡಿದ್ರು, ಅಡಿಸನ್ಸ್, ಅಂದ್ರೆ ಅಡ್ರಿನಲ್ ಗ್ರಂಥಿ ಸಾಕಷ್ಟು ಹಾರ್ಮೋನ್ ಮಾಡದ ಕಾಯಿಲೆ. ದಿನಕ್ಕೆ ಒಂದು ಚೂರು ಸ್ಟಿರಾಯ್ಡ್, ಅದಕ್ಕೆ ಅಷ್ಟೇ ಔಷಧಿ. ಈಗ ಪಟಾಕಿ ಸದ್ದಿಗೆ ಬರೀ ಬೊಗಳ್ತಾಳೆ.

ಕಾಲ್ಚೀಲ_ಕಳ್ಳ
ನಮ್ಮವನಿಗೆ ಎರಡು ತಿಂಗಳು ವಾಂತಿ, ಎಲ್ಲಾ ಟೆಸ್ಟ್ ಆಯ್ತು, ಅಲ್ಟ್ರಾಸೌಂಡಲ್ಲಿ ನೋಡಿದ್ರೆ ಹೊಟ್ಟೆಯೊಳಗೆ ನನ್ನ ಕಾಲ್ಚೀಲ. ಸುಮ್ನೆ ಕೂತಿತ್ತು, ಬಾಡಿಗೆ ಇಲ್ಲದ ಬಾಡಿಗೆದಾರನ ಹಾಗೆ. ಎಂಡೋಸ್ಕೋಪಿಲೇ ಎಳೆದು ತೆಗೆದ್ರು.

ಸುಮ್ನೆ_ಓದ್ತೀನಿ
ಜೊತೆ ಸಿಕ್ತಾ?

ಕಾಲ್ಚೀಲ_ಕಳ್ಳ
ಇನ್ನೊಂದು ಅದಕ್ಕೂ ಮುಂಚೆನೇ ಹಿಂಬಾಗಿಲಿಂದ ಹೊರಗೆ ಹೋಗಿತ್ತು ಅಂತ ಕಾಣತ್ತೆ.

ಹಸಿಮಾಂಸ_ಹುಲಿ
ಕೂದಲು ಕಳಿಸಿದ್ರೆ ಯಾವ ಆಹಾರದ ಅಲರ್ಜಿ ಅಂತ ಲಿಸ್ಟ್ ಕೊಡೋ ಟೆಸ್ಟ್ ಇದೆ. ಸೂಜಿ ಚುಚ್ಚೋ ಗೋಜಿಲ್ಲ. ನಾನು ಮಾಡಿಸಿದೀನಿ, 23 ಪದಾರ್ಥ ಬಂತು.

ವೆಟ್‌ಕಾಲೇಜು_ಕೊನೇವರ್ಷ
ಅಣ್ಣ, ಬೇಜಾರು ಮಾಡ್ಕೋಬೇಡಿ, ಆ ಟೆಸ್ಟಿಗೆ ಗೊಂಬೆಯ ಸುಳ್ಳು ಕೂದಲು ಕಳಿಸಿದ್ರೂ ಲಿಸ್ಟ್ ಬರತ್ತೆ. ಹಾಗೆ ಕಳಿಸಿ ನೋಡಿದ ಸಂಶೋಧಕರೇ ಇದಾರೆ, ನಾಯಿದಕ್ಕೂ ಗೊಂಬೆದಕ್ಕೂ ವ್ಯತ್ಯಾಸ ಸಿಗಲಿಲ್ಲ. ರಕ್ತದಲ್ಲಿ ಮಾಡೋ ಆಹಾರ ಅಲರ್ಜಿ ಟೆಸ್ಟೂ ಅಷ್ಟಕ್ಕಷ್ಟೇ. ನಾಯಿಗೆ ಯಾವ ಆಹಾರ ಆಗಲ್ಲ ಅಂತ ಹೇಳೋಕೆ ಇವತ್ತಿಗೂ ಒಂದೇ ದಾರಿ, ಅದನ್ನ ನಿಲ್ಸಿ ನೋಡೋದು, ಮತ್ತೆ ಕೊಟ್ಟು ನೋಡೋದು.

ಹಸಿ ಮಾಂಸದ ವಿಷಯಕ್ಕೆ ಬಂದ್ರೆ, ಮೊದ್ಲೇ ಕರುಳಿನ ಗೋಡೆ ಊದಿಕೊಂಡಿರೋ ನಾಯಿಗೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಉಡುಗೊರೆ ಕೊಡೋದು ಬೇಡ. ಮನೇಲಿ ಚಿಕ್ಕ ಮಗು ಬೇರೆ ಇದೆ.

ಹಸಿಮಾಂಸ_ಹುಲಿ
ನಿಮ್ಮ ಕಾಲೇಜಿಗೆ ಪ್ಯಾಕೆಟ್ ಕಂಪನಿಯವರೇ ದುಡ್ಡು ಕೊಡೋದು ಅಂತ ಎಲ್ರಿಗೂ ಗೊತ್ತು.

ವೆಟ್‌ಕಾಲೇಜು_ಕೊನೇವರ್ಷ
ಹಾಗಿದ್ರೆ ನನ್ನ ಹಾಸ್ಟೆಲ್ ಫೀಸ್ ಯಾಕೆ ಇನ್ನೂ ಬಾಕಿ ಇದೆ 😭

ಅರೆನಿದ್ದೆ
ಮೆಟ್ರೊನಿಡಜೋಲ್ ಬಗ್ಗೆ ಯಾರೂ ಮಾತಾಡ್ತಿಲ್ಲ ಯಾಕೆ? ನಾಲ್ಕು ಕೋರ್ಸ್! ಮೊದಲೆಲ್ಲ ಭೇದಿ ಅಂದ್ರೆ ಅದೇ ಬರ್ಕೊಡ್ತಿದ್ರು, ಈಗ ಸುಮಾರು ಜನ ವೆಟ್‌ಗಳು ಹಿಂದೆ ಸರೀತಿದಾರೆ. ಕರುಳಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾನೂ ಗುಡಿಸಿ ಹಾಕತ್ತೆ, ಮಾತ್ರೆ ನಿಲ್ಸಿ ವಾರಗಟ್ಟಲೆ ಆದ್ರೂ ಅವು ವಾಪಸ್ ಬರಲ್ಲ. ಡೋಸ್ ಜಾಸ್ತಿಯಾದ್ರೆ ಅಥವಾ ತುಂಬಾ ದಿನ ಕೊಟ್ರೆ ನರಕ್ಕೂ ಹೊಡೆತ. ನಮ್ಮ ಪಕ್ಕದ ಮನೆ ನಾಯಿ ಕುಡಿದೋರ ಹಾಗೆ ಓಲಾಡ್ತಾ ಕಣ್ಣುಗುಡ್ಡೆ ಪಟಪಟ ಅಂತ ಆಡಿಸ್ತಿತ್ತು, ನಿಲ್ಸಿದ್ಮೇಲೆ ಸರಿಹೋಯ್ತು.

ಕಪ್ಪುಮೂಗು
ಅದು ಸರಿ, ಆದ್ರೆ ಮೆಟ್ರೊನಿಡಜೋಲ್ ಜಿಯಾರ್ಡಿಯಾಗೂ ಕೆಲಸ ಮಾಡತ್ತೆ, ಸುಮ್ನೆ ವಿಷ ಅಂತ ಹೇಳ್ಬೇಡಿ. ಗುಂಡನಿಗೆ ಜಿಯಾರ್ಡಿಯಾ ಅರ್ಧ ಸತ್ತು ಅರ್ಧ ಉಳಿದಿರಬಹುದು. ನನ್ನ ಓಟು ಈಗ್ಲೂ ಅದಕ್ಕೇ.

ಅರೆನಿದ್ದೆ
ನಿಮಗೆ ಜಿಯಾರ್ಡಿಯಾ ಮೇಲೆ ಲವ್ ಆಗಿದೆ.

ಗುಂಡನಮನೆ
(ಎಂಟು ದಿನ ಆದ್ಮೇಲೆ) ನಾಲ್ಕನೇ ವೆಟ್ ಹತ್ರ ಹೋಗಿದ್ವಿ. ನೀವೆಲ್ಲ ಹೇಳಿದ್ದನ್ನ ಒಂದು ಹಾಳೆಲಿ ಬರ್ಕೊಂಡು ಹೋಗಿದ್ದೆ, ಅವರು ಹಾಳೆ ನೋಡಿ "ಯಾರು ಬರೆದಿದ್ದು ಇದು" ಅಂದ್ರು, ಬೈತಾರೇನೋ ಅಂದ್ಕೊಂಡೆ, ಇಲ್ಲ, ಕೂತ್ಕೊಂಡು ಮುಕ್ಕಾಲು ಗಂಟೆ ಕೇಳಿದ್ರು.

ಕಕ್ಕದ ಮೂರು ಸ್ಯಾಂಪಲ್, ಆಂಟಿಜನ್, ಎಲ್ಲಾ ನೆಗೆಟಿವ್ (ಸಾರಿ ಕಪ್ಪುಮೂಗು). ಆದ್ರೂ ಇರ್ಲಿ ಅಂತ ಫೆನ್‌ಬೆಂಡಜೋಲ್ ಐದು ದಿನ ಕೊಟ್ರು. ಟಿಎಲ್‌ಐ ನಾರ್ಮಲ್. ಕಾರ್ಟಿಸೋಲ್ 3.4, ಅಡಿಸನ್ಸ್ ಅಲ್ಲ. ಅಲ್ಬುಮಿನ್ 2.6, ಸ್ವಲ್ಪ ಕಡಿಮೆ. ಬಿ12 ತೀರಾ ಕೆಳಗೆ. ಅಲ್ಟ್ರಾಸೌಂಡಲ್ಲಿ ಸಣ್ಣ ಕರುಳಿನ ಗೋಡೆ ಅಲ್ಲಲ್ಲಿ ದಪ್ಪ, ಗಡ್ಡೆ ಇಲ್ಲ, ಕಾಲ್ಚೀಲನೂ ಇಲ್ಲ.

ಈಗ ವಾರಕ್ಕೊಂದು ಬಿ12 ಇಂಜೆಕ್ಷನ್, ಆರು ವಾರ. ಮತ್ತೆ ಹೈಡ್ರೊಲೈಸ್ಡ್ ಫುಡ್ ಮಾತ್ರ, ಬೇರೆ ಏನೂ ಇಲ್ಲ. ಎರಡು ಮೂರು ವಾರದಲ್ಲಿ ಏನೂ ಬದಲಾಗದಿದ್ರೆ ಇನ್ನೊಂದು ಫುಡ್, ಅದೂ ಆಗದಿದ್ರೆ ಎಂಡೋಸ್ಕೋಪಿ ಮತ್ತೆ ಬಯಾಪ್ಸಿ. ಇದಕ್ಕೆ ಐದು ತಿಂಗಳು ಬೇಕಾಯ್ತಾ ಅಂತ ಅಳು ಬಂತು.

ಸುಮ್ನೆ_ಓದ್ತೀನಿ
ಹೈಡ್ರೊಲೈಸ್ಡ್ ಅಂದ್ರೆ?

ಎರಡು_ಬಾಲ
ಪ್ರೋಟೀನನ್ನ ಎಷ್ಟು ಸಣ್ಣ ಚೂರು ಮಾಡಿರ್ತಾರೆ ಅಂದ್ರೆ ದೇಹಕ್ಕೆ "ಅರೆ ಇದು ಚಿಕನ್" ಅಂತ ಗುರುತೇ ಸಿಗಲ್ಲ, ಗುರುತು ಸಿಗದಿದ್ರೆ ಜಗಳ ಇಲ್ಲ. ಹೀಗೆ ಹೊಟ್ಟೆ ಎಳೆದಾಡೋ ನಾಯಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಊಟ ಬದಲಾಯಿಸಿದ್ರೇ ಸರಿಹೋಗ್ತವಂತೆ, ಅದೂ ಹೆಚ್ಚಿನವು ಎರಡು ವಾರದೊಳಗೆ.

ಅಕ್ಕ, ಅನುಭವದ ಮಾತು. ಆ ಉಣ್ಣಿ ಮಾತ್ರೆಗೆ ರುಚಿಗೆ ಅಂತ ಮಾಂಸದ್ದೋ ಬೇರೆಯದ್ದೋ ಪ್ರೋಟೀನ್ ಹಾಕಿರಬಹುದು, ಕತ್ತಿಗೆ ಹನಿ ಬಿಡೋ ಥರದ್ದು ಕೇಳಿ. ಮಾತ್ರೆ ನುಂಗಿಸೋಕೆ ಚೀಸ್ ಬೇಡ, ಅದೇ ಬ್ರ್ಯಾಂಡಿನ ಟಿನ್ ಫುಡ್ ಒಂದು ಚೂರು ಸಾಕು. ಅಂಗಡೀಲಿ "ಮೀನು ಮಾತ್ರ" ಅಂತ ಬರೆದಿರೋ ಮಾಮೂಲಿ ಪ್ಯಾಕೆಟ್ ನಂಬ್ಬೇಡಿ, ಒಂದೇ ಮಷಿನ್ನಲ್ಲಿ ಚಿಕನ್ನೂ ಓಡಿರಬಹುದು. ಅಪ್ಪಂಗೆ ಯಾರು ಹೇಳ್ತಾರೆ ಅದನ್ನೂ ಈಗ್ಲೇ ತೀರ್ಮಾನ ಮಾಡಿ.

ಶೆಫರ್ಡ್_ಸೋದರ
ಹಳದಿ ನೊರೆಗೆ ಒಂದು ಸುಲಭದ ಉಪಾಯ ಮಾಡಿ ನೋಡಿ, ಅದೇ ಫುಡ್ಡಲ್ಲಿ ಒಂದು ಹಿಡಿ ಎತ್ತಿಟ್ಟು ಮಲಗೋ ಮುಂಚೆ ಹಾಕಿ. ರಾತ್ರಿಯಿಡೀ ಖಾಲಿ ಇದ್ರೆ ಪಿತ್ತ ಹಿಂದಕ್ಕೆ ಜಠರಕ್ಕೆ ಬಂದು ಕೆರೆಯತ್ತೆ.

ಪೂಡಲ್ಪುರಾಣ
ಆಸಿಡ್ ಕಡಿಮೆ ಮಾಡೋ ಒಮೆಪ್ರಜೋಲ್ ಕೊಡಿ, ನಾವು ಮನುಷ್ಯರಿಗೆ ಕೊಡೋದೇ ಕೊಡ್ತೀವಿ ಎರಡು ವರ್ಷದಿಂದ.

ವೆಟ್‌ಕಾಲೇಜು_ಕೊನೇವರ್ಷ
ಎರಡು ವರ್ಷ?? ಹುಣ್ಣು ಇದ್ರೆ ಅದು ಒಳ್ಳೇ ಔಷಧಿ, ಸುಮ್ನೆ ವಾಂತಿ ಅಂತ ವರ್ಷಗಟ್ಟಲೆ ಕೊಡೋದಕ್ಕಲ್ಲ. ಮತ್ತೆ ಒಂದೇ ಸಲಕ್ಕೆ ನಿಲ್ಸಬೇಡಿ, ಮೂರ್ನಾಲ್ಕು ವಾರ ಮೀರಿ ಕೊಟ್ಟಿದ್ರೆ ನಿಧಾನಕ್ಕೆ ಇಳಿಸ್ಬೇಕು, ಇಲ್ಲಾಂದ್ರೆ ಆಸಿಡ್ ಉಕ್ಕಿ ಬರತ್ತೆ. ನಿಮ್ಮ ವೆಟ್‌ಗೆ ಫೋನ್ ಮಾಡಿ. ಯಾರಾದ್ರೂ ಇದನ್ನ ಓದಿ ಮನೆಯ ಮಾತ್ರೆ ಡಬ್ಬ ತೆಗೆಯೋ ಮುಂಚೆ ಇನ್ನೊಂದು ಮಾತು, ನಮ್ಮ ನೋವಿನ ಮಾತ್ರೆ ಐಬುಪ್ರೊಫೆನ್ ನಾಯಿಯ ಹೊಟ್ಟೆಲಿ ಹುಣ್ಣು ಮಾಡಿ ಕಿಡ್ನಿನೂ ತೆಗೆಯತ್ತೆ. ಹೊಟ್ಟೆನೋವಿಗೆ ಅಂತ ಅದನ್ನ ಕೊಟ್ಟು ತಂದಿದ್ದ ಕೇಸ್ ನಾನೇ ನೋಡಿದೀನಿ.

ಗುಂಡನಮನೆ
9ನೇ ದಿನ. ಆರು ದಿನ ಚಿನ್ನದಂಥ ಕಕ್ಕ, ನಿನ್ನೆ ರಾತ್ರಿಯಿಂದ ಮತ್ತೆ ನೀರು. ಸೋತೋದೆ.

ಅರೆನಿದ್ದೆ
ಮನೇಲಿ ತನಿಖೆ ಮಾಡಿ.

ಗುಂಡನಮನೆ
ಮಾಡ್ದೆ. ಅಪ್ಪನ ಜುಬ್ಬದ ಜೇಬಲ್ಲಿ ಬಿಸ್ಕೆಟ್ ಪುಡಿ. "ಅರ್ಧ ಬಿಸ್ಕೆಟ್ಟಿಗೆ ಏನಾಗತ್ತಮ್ಮ, ಹೇಗೆ ನೋಡ್ತಾನೆ ಗೊತ್ತಾ" ಅಂದ್ರು. ನಾನು ಕೂಗಾಡ್ದೆ, ಅವರು ಊಟ ಬಿಟ್ಟು ಎದ್ದೋದ್ರು. ಈಗ ಮನೇಲಿ ಹೊಟ್ಟೆ ಕೆಟ್ಟಿರೋದು ಗುಂಡಂದು ಒಂದೇ ಅಲ್ಲ.

ಎರಡು_ಬಾಲ
ಬೈಬೇಡಿ ಅಕ್ಕ. ನಮ್ಮತ್ತೆನೂ ಹೀಗೇ ಮಾಡ್ತಿದ್ರು. ದಿನದ ಫುಡ್ಡಲ್ಲಿ ಒಂದು ಮುಷ್ಟಿ ಅಳೆದು ಅವರ ಕೈಗೇ ಕೊಟ್ಬಿಡಿ, ಕೊಡೋ ಖುಷಿ ಅವರಿಗೆ ಇರ್ಲಿ. ನಮ್ಮನೇಲಿ ಹಾಗೆ ಮಾಡಿದ್ಮೇಲೇ ಊಟದ ಟ್ರಯಲ್ ಕೆಡದೆ ನಡೆದಿದ್ದು.

ನಮ್ಮ ದೊಡ್ಡವನಿಗೆ ಮಾತ್ರ ಫುಡ್ ಸಾಕಾಗ್ಲಿಲ್ಲ. ಅಲ್ಬುಮಿನ್ 1.7ಕ್ಕೆ ಇಳಿದು ಹೊಟ್ಟೆಲಿ ನೀರು ತುಂಬಿತ್ತು, ಪ್ರೋಟೀನೆಲ್ಲ ಕರುಳಿಂದ ಸೋರ್ತಿತ್ತು. ಬಯಾಪ್ಸಿ ಮಾಡಿ ಕ್ಯಾನ್ಸರ್ ಅಲ್ಲ, ಊತ ಅಂತ ಗೊತ್ತಾದ್ಮೇಲೆ ಪ್ರೆಡ್ನಿಸೊಲೋನ್ ಸ್ಟಿರಾಯ್ಡ್, ಕೊಬ್ಬು ಕಡಿಮೆ ಇರೋ ಊಟ. ಸ್ಟಿರಾಯ್ಡ್ ಮೇಲಿದ್ದಾಗ ಬಕೆಟ್ಟುಗಟ್ಟಲೆ ನೀರು ಕುಡಿದು ಮನೆ ತುಂಬಾ ಉಚ್ಚೆ, ರಾತ್ರಿ ಎರಡು ಸಲ ಎದ್ದು ಹೊರಗೆ ಬಿಡೋದು. ತಿಂಗಳುಗಟ್ಟಲೆ ಇಳಿಸ್ತಾ ಬಂದ್ವಿ. ಅದಕ್ಕೇ ಹೇಳ್ತೀನಿ, ಬಿಸ್ಕೆಟ್ ನಿಲ್ಸಿದ್ರೆ ಸರಿಹೋಗೋದಾದ್ರೆ ಅದಕ್ಕಿಂತ ಪುಣ್ಯ ಇಲ್ಲ.

ಕಾಲ್ಚೀಲ_ಕಳ್ಳ
ನಾನು ನಗಿಸೋಕೆ ಬಂದಿದ್ದೆ, ಇದನ್ನ ಓದಿ ನಮ್ಮವನನ್ನ ತಬ್ಬಿಕೊಂಡು ಕೂತಿದೀನಿ.

ಗುಂಡನಮನೆ
ಮೊದಲಿಂದ ಶುರು ಮಾಡಿ ಇವತ್ತಿಗೆ 24ನೇ ದಿನ. ಕಕ್ಕ ದಿನಕ್ಕೆ ಎರಡು, ಎತ್ತಿದ್ರೆ ನೆಲದ ಮೇಲೆ ಗುರುತೂ ಇಲ್ಲ. ವಾಂತಿ ಒಂದೇ ಸಲ, ಅದೂ ಹುಲ್ಲು ತಿಂದಿದ್ದಕ್ಕೆ. 23.6 ಕೆಜಿ. ನೆಲ ನೆಕ್ಕೋದು ನಿಂತಿದೆ. ಅಪ್ಪ ಹಳೇ ಬಿಸ್ಕೆಟ್ ಡಬ್ಬ ಖಾಲಿ ಮಾಡಿ ಅದರಲ್ಲೇ ಅವನ ಕಿಬಲ್ ತುಂಬ್ಕೊಂಡಿದಾರೆ, ಮುಚ್ಚಳದ ಸದ್ದಿಗೆ ಮೊದಲಿನ ಹಾಗೇ ಓಡಿ ಬರ್ತಾನೆ. ನನ್ನ ಹತ್ರ ಮಾತಾಡ್ತಿದಾರೆ, ಎರಡು ದಿನ ಆಯ್ತು.

ವೆಟ್ ಇನ್ನೂ ಎರಡು ತಿಂಗಳು ಹೀಗೇ ಇರ್ಲಿ, ಆಮೇಲೆ ಬೇಕಾದ್ರೆ ಚಿಕನ್ ಒಂದನ್ನೇ ಕೊಟ್ಟು ನೋಡೋಣ ಅಂತಿದಾರೆ. ನನಗೆ ಮುಟ್ಟೋಕೇ ಭಯ.

ವೆಟ್‌ಕಾಲೇಜು_ಕೊನೇವರ್ಷ
ಭಯ ಸಹಜ, ಬಲವಂತ ಇಲ್ಲ. ಆದ್ರೆ ಕೊಟ್ಟು ನೋಡಿದ್ರೇ ಯಾವುದು ಅಂತ ಗೊತ್ತಾಗೋದು, ಚಿಕನ್ನೋ ಹಾಲೋ ಗೋಧಿಯೋ. ಒಂದೊಂದಾಗಿ, ಒಂದಕ್ಕೆ ಒಂದೆರಡು ವಾರ. ಕೆಟ್ರೆ ತಕ್ಷಣ ಹಳೇ ಫುಡ್ಡಿಗೆ ವಾಪಸ್. ಬಿ12 ಮತ್ತು ಅಲ್ಬುಮಿನ್ ಮರುಪರೀಕ್ಷೆ ಮರೀಬೇಡಿ.

ಹಸಿಮಾಂಸ_ಹುಲಿ
ಸರಿಹೋಗಿದ್ದು ಖುಷಿ ಅಕ್ಕ. ಆದ್ರೂ ನಾನು ಹೇಳಿದ್ದು...

ಅರೆನಿದ್ದೆ
ಬೇಡ ಅಣ್ಣ.

ಮಳೆಗುಬ್ಬಿ
ಹಳೇ ಥ್ರೆಡ್ ಎಬ್ಬಿಸ್ತಿದೀನಿ ಸಾರಿ. ನಮ್ಮ ಬಾಕ್ಸರ್‌ಗೆ ಒಂದು ತಿಂಗಳಿಂದ ದಿನಕ್ಕೆ ಎಂಟು ಸಲ, ಚೂರು ಚೂರು, ಲೋಳೆ ಜೊತೆ ರಕ್ತ. ಇದೇ ಫುಡ್ ಶುರು ಮಾಡ್ಲಾ?

ವೆಟ್‌ಕಾಲೇಜು_ಕೊನೇವರ್ಷ
ನಿಲ್ಲಿ. ಅದು ದೊಡ್ಡ ಕರುಳಿನ ಲಕ್ಷಣ, ಬಾಕ್ಸರ್‌ಗಳಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದಿಂದ ಬರೋ ಒಂದು ಕೊಲೈಟಿಸ್ (ದೊಡ್ಡ ಕರುಳಿನ ಊತ) ಇದೆ, ಅದು ಫುಡ್ಡಿಗೆ ಬಗ್ಗಲ್ಲ, ಸರಿಯಾದ ಆಂಟಿಬಯಾಟಿಕ್ಕೇ ಬೇಕು, ಯಾವುದು ಕೆಲಸ ಮಾಡತ್ತೆ ಅಂತ ಬಯಾಪ್ಸಿ ಕಲ್ಚರಲ್ಲಿ ನೋಡ್ಬೇಕು. ಎಷ್ಟು ವಯಸ್ಸು? ತೂಕ ಇಳಿದಿದ್ಯಾ? ಹೊಸ ಥ್ರೆಡ್ ಹಾಕಿ, ಅಲ್ಲಿ ಮಾತಾಡೋಣ.

ಕಪ್ಪುಮೂಗು
ಜಿಯಾರ್ಡಿಯಾ ಟೆಸ್ಟ್ ಮಾಡ್ಸಿದ್ರಾ?